ಒಂದೇ ಕಂಬದ ಹಂದರ

ತಾರು ಆಫೀಸಿನ ಮುರುಗೆಪ್ಪನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ಲಗ್ನ ನಿಶ್ಚಯವಾದ ಸುದ್ದಿ ಇಡೀ ಬೈರಿದೇವರಕೊಪ್ಪಕ್ಕೆ ತಿಳಿದು ಮೂರು ದಿನವಾದರೂ ತಿಳಿಯದೆ ಉಳಿದವನು ಒಬ್ಬನೇ ಒಬ್ಬ. ಅವನು ಮುರುಗೆಪ್ಪ.

ತಪ್ಪು ಪೂರ್ತಿ ಊರಿನದಲ್ಲ. ಹುಬ್ಬಳ್ಳಿಯ ತಾರು ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕಟ್ಟ ಕಡ ಕಟ್ಟ ಎಂದು ಬಡಿದೂ ಬಡಿದೂ ಅವನ ಕಿವಿಗೆ ಒಂದು ಚಟ ಅಂಟಿತ್ತು. ಮಾಳಿಗೆಯಿಂದ ನೀರು ತೊಟ್ಟಿಕ್ಕಿದರೂ, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದರೂ ಅದರಲ್ಲಿ ಅಕ್ಷರ ಹುಡುಕುತ್ತ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು "ಹೌದು" ಎಂಬ ಒಂದೇ ಮಾತು. ಈ ಹೌದಿನ ದೆಸೆಯಿಂದ ಒಮ್ಮೆ ಅವನ ಮನೆಗೆ ಎರಡು ಎಮ್ಮೆ ಬಂದಿದ್ದವು. ಇನ್ನೊಮ್ಮೆ, ಒಂದು ಸ್ವರವನ್ನೂ ನೆಟ್ಟಗೆ ಎಳೆಯಲಾರದ ಅವನು ಎರಡು ವರ್ಷ ಭಜನಾ ಮಂಡಳಿಯ ಕಾರ್ಯದರ್ಶಿಯಾಗಿದ್ದ.

ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆ ನೋಡಿಕೊಳ್ಳುತ್ತಿದ್ದವಳು ಅಕ್ಕ ಗೌರಕ್ಕ. ಮುರುಗೆಪ್ಪ ಆಫೀಸಿನಿಂದ ಬಂದವನೇ ಒಳಖೋಲಿ ಸೇರುತ್ತಿದ್ದ. ಅಲ್ಲಿ ಹಳೆಯ ಮಿಲಿಟರಿ ಸಾಮಾನು ಕೂಡಿಸಿ ತಾನೇ ಕಟ್ಟಿದ ಒಂದು ವೈರ್‌ಲೆಸ್ ಯಂತ್ರವಿತ್ತು. ದಿಲ್ಲಿಯವರು ಪರೀಕ್ಷೆ ಮಾಡಿ, ಮನೆಯಿಂದಲೇ ತಾರಿನ ಭಾಷೆಯಲ್ಲಿ ಜಗತ್ತಿನ ಯಾವ ಹವ್ಯಾಸಿಯ ಜೊತೆಗಾದರೂ ಮಾತಾಡಬಹುದು ಎಂದು ಅವನಿಗೆ ಪರವಾನಗಿ ಕೊಟ್ಟಿದ್ದರು. ಗೌರಕ್ಕ ಇದನ್ನು ಆಫೀಸಿನ ಕೆಲಸವೆಂದೇ ತಿಳಿದಿದ್ದಳು.

"ಈ ಸರಕಾರ ಮನ್ಯಾಗೂ ದುಡಿಸ್ಕೊಳ್ಳಾಕತ್ತೈತಲ್ಲೋ ನಿನ್ನ!" ಎಂದು ಮರುಗುತ್ತಿದ್ದಳು.

"ಹೌದು" ಎನ್ನುತ್ತಿದ್ದ ಮುರುಗೆಪ್ಪ.

ಅವನ ದುಃಖವೇ ಬೇರೆ. ಮೂರು ತಿಂಗಳಿನಿಂದ ಸಂಜೆಯಾದರೆ ಯಂತ್ರದ ಮುಂದೆ ಕೂತು, "ಯಾರಾದರೂ ಇದ್ದೀರಾ? ಯಾರಾದರೂ ಇದ್ದೀರಾ?" ಎಂದು ಕರೆದೇ ಕರೆದಿದ್ದ. ಒಬ್ಬನೂ ಓ ಅಂದಿರಲಿಲ್ಲ. ಏರಿಯಲ್ ತಂತಿ ಎತ್ತರದಲ್ಲಿರಬೇಕು. ಅವನದು ಎಮ್ಮೆಯ ಕೊಂಬಿಗಿಂತ ಒಂದು ಗೇಣು ಮೇಲಿತ್ತು. ಮಣ್ಣಿನ ಮಾಳಿಗೆಯ ಮೇಲೆ ಒಂದು ಬಿದಿರು ನಿಲ್ಲಿಸಿ ನೋಡಿದ. ಮೇ ತಿಂಗಳ ಮೊದಲ ಗಾಳಿಗೆ ಆ ಬಿದಿರು ಪಕ್ಕದ ಅಂಗಳಕ್ಕೆ ಬಾಗಿ, ಅಲ್ಲಿ ಪೇಪರು ಓದುತ್ತಿದ್ದ ರಿಟೈರ್ಡ್ ಶಿರಸ್ತೇದಾರ ಸಿದ್ದಲಿಂಗಪ್ಪನವರ ರುಮಾಲನ್ನು ತಂತಿಯಲ್ಲಿ ಸಿಕ್ಕಿಸಿಕೊಂಡು, ಮತ್ತೆ ನೆಟ್ಟಗಾಗಿ, ಊರಿಗೆಲ್ಲ ಕಾಣುವಂತೆ ಅದನ್ನು ಎತ್ತಿ ಹಿಡಿಯಿತು. ಆಮೇಲೆ ಲಟಕ್ಕನೆ ಮುರಿದು ಅವರ ಹೆಂಡತಿ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು.

"ಮುರುಗೆಪ್ಪಾ," ಎಂದರು ಸಿದ್ದಲಿಂಗಪ್ಪನವರು, ಬೋಳುತಲೆಯ ಮೇಲೆ ಪೇಪರು ಹಿಡಿದುಕೊಂಡು, "ನಿಲ್ಲಸೋದಿದ್ರ ಗಟ್ಟಿ ಕಂಬ ನಿಲ್ಲಸು. ಇಲ್ಲಂದ್ರ ನಾ ಅರ್ಜಿ ಬರೀತೇನಿ."

ಸಿದ್ದಲಿಂಗಪ್ಪನವರ ಅರ್ಜಿ ಎಂದರೆ ಸಾಮಾನ್ಯವಲ್ಲ. ಅವರ ಅರ್ಜಿಗೆ ಹೆದರಿ ಒಬ್ಬ ತಲಾಟಿ ತಾನಾಗಿಯೇ ವರ್ಗ ಮಾಡಿಸಿಕೊಂಡು ಹೋಗಿದ್ದ. ಮರುದಿನವೇ, ಅಂದರೆ ಗುರುವಾರ, ಮುರುಗೆಪ್ಪ ಹುಬ್ಬಳ್ಳಿಯ ಯಾಕೂಬಸಾಬರ ಕಟ್ಟಿಗೆ ಅಡ್ಡೆಗೆ ಹೋದ.

"ಒಂದ ಕಂಬ ಬೇಕು ಸಾಬರ. ನಲವತ್ತು ಫೂಟಿಂದು. ನೆಟ್ಟಗಿರಬೇಕು, ಗಟ್ಟಿ ಇರಬೇಕು, ಎಂಥಾ ಗಾಳಿ ಬಂದ್ರೂ ಜಗ್ಗಬಾರದು."

ಯಾಕೂಬಸಾಬರು ಬಿಳಿಗಡ್ಡದ ಹಿರಿಯರು, ಕಟ್ಟಿಗೆಯ ವಿಷಯದಲ್ಲಿ ಸುಳ್ಳು ಹೇಳದವರು. ನೀಲಗಿರಿ ತೋರಿಸಿ, "ಒಣಗಿದ ಮ್ಯಾಲೆ ಇದು ಹಗ್ಗದಂಗ ತಿರುವತೈತಿ, ಬ್ಯಾಡ" ಎಂದು ತಾವೇ ಅಂದರು. ಬಿದಿರಿನ ಹೆಸರು ಎತ್ತಿದ ಕೂಡಲೇ ಮುರುಗೆಪ್ಪ ಎರಡೂ ಕೈಯಿಂದ ತಲೆ ಮುಟ್ಟಿಕೊಂಡ. ಕಬ್ಬಿಣದ ನಳಿಗೆ ಕೂಡಿಸಿದ ಜಾಗದಲ್ಲಿ ಸೊಂಟ ಮುರಿಯುವ ರೋಗ. ಕೊನೆಗೆ ಹಳಿಯಾಳದ ಕಡೆಯ ಒಂದು ಸಾಗವಾನಿ ಕಂಬ ಕಣ್ಣಿಗೆ ಬಿತ್ತು. ನಲವತ್ತು ಫೂಟು, ಬಾಣದಂತೆ ನೆಟ್ಟಗೆ.

"ಒಳಗ ಹುಳಾ ಹಿಡದೈತೇನೋ ನೋಡಬೇಕಲ್ರಿ" ಎಂದು ಮುರುಗೆಪ್ಪ ನೆಲಕ್ಕೆ ಕೂತು ಕಂಬದ ಬುಡಕ್ಕೆ ಕಿವಿ ಹಚ್ಚಿದ. "ಆ ತುದಿಗೆ ಒಂದು ಮೊಳಿ ತಗೊಂಡು ಬಡೀರಿ."

ಸಾಬರು ಬಡಿದರು. ನಲವತ್ತು ಫೂಟು ದೂರದ ಸದ್ದು ಕಟ್ಟಿಗೆಯೊಳಗಿಂದ ಗಂಟೆಯ ಹಾಗೆ ಬಂದು ಮುರುಗೆಪ್ಪನ ಕಿವಿಗೆ ತಾಕಿತು. ಕಟ್ಟ ಕಟ್ಟ. ಕಡ. ಅವನು ಕಣ್ಣು ಮುಚ್ಚಿದ. ಅಕ್ಷರಗಳು ತೇಲಿ ಬರತೊಡಗಿದವು.

ಸಾಬರು ಬಡಿಯುತ್ತ ಬಡಿಯುತ್ತ ಹತ್ತಿರ ಬಂದು ಕೇಳಿದರು. "ಹಂದರಕ್ಕೇನ್ರಿ?"

"ಹೌದು."

"ಲಗ್ನದ ಹಂದರಾ? ನಿಮ್ಮ ಮನ್ಯಾಗ ಯಾರದ್ರೀ ಲಗ್ನ? ನಿಮ್ಮದ?"

"ಹೌದು, ಹೌದು."

ಮೊಳೆ ಸಾಬರ ಕೈಯಿಂದ ಬಿತ್ತು. ಸದ್ದು ನಿಂತದ್ದರಿಂದ ಮುರುಗೆಪ್ಪ ಎದ್ದು ನಿಂತು ಮೈಮೇಲಿನ ಹೊಟ್ಟು ಜಾಡಿಸಿಕೊಂಡ. ಅವನ ಮುಖದಲ್ಲಿ ಆನಂದ ತುಂಬಿ ತುಳುಕುತ್ತಿತ್ತು. ಈಗಿನಿಂದ ಅವನು ಪೂರ್ತಿ ಎಚ್ಚರದಲ್ಲಿದ್ದ. ಆದರೆ ಅದರಿಂದ ಉಪಯೋಗವೇನೂ ಆಗಲಿಲ್ಲ.

"ಇದು ಎರಡನೇದು ನೋಡ್ರಿ ಸಾಬರ" ಎಂದ. "ಮೊದಲನೇದು ಭಾಳ ತೆಳ್ಳಗಿತ್ತು. ಒಂದ ಗಾಳಿಗೆ ಹೋತು."

ಯಾಕೂಬಸಾಬರಿಗೆ ಮುರುಗೆಪ್ಪನ ತೀರಿಹೋದ ಹೆಂಡತಿಯ ನೆನಪಾಗಿ ಕಣ್ಣು ತುಂಬಿ ಬಂದವು. "ಆಕೀದು ಹೋಗೋ ವಯಸ್ಸಲ್ಲ ಬಿಡ್ರಿ" ಎಂದು ಗಡ್ಡದಲ್ಲೇ ಗೊಣಗಿದರು. "ಈಗಿಂದು ಯಾರ ಕೂಡ ಅಂತ ಗೊತ್ತಾಗೇತೇನು?"

"ಇನ್ನೂ ಇಲ್ರಿ. ಕರಿಯೋದು ನಮ್ಮ ಕೆಲಸ. ಯಾರು ಮೊದಲ ಓ ಅಂತಾರೋ ಅವರ ಕೂಡ."

"ಯಾ ಅಲ್ಲಾ! ಊರು?"

"ಯಾವೂರಾದ್ರೇನ್ರಿ? ಆದ್ರ ಮೊದಲ ಸಿಲೋನ್ ಸಿಗತೈತಿ ಅಂತ ನನ್ನ ಅಂದಾಜು. ಆ ಕಡಿಂದ ಭಾಳ ಛಲೋ ಕೇಳಸತೈತಿ."

"ಸಿಲೋನ್! ಜಾತಿ ಗೀತಿ?"

"ಇದರಾಗ ಜಾತಿ ಕೇಳೋ ಹಂಗಿಲ್ಲ ಸಾಬರ. ಅದ ಇದರ ದೊಡ್ಡಸ್ತನ."

ಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡು ಆ ತಾರು ಗುಮಾಸ್ತನನ್ನು ಮೇಲಿಂದ ಕೆಳಗೆ ನೋಡಿದರು. ಇಂಥ ಧೀರನನ್ನು ಅವರು ಈವರೆಗೆ ಕಂಡಿರಲಿಲ್ಲ. ಒಂದೇ ಸಂಶಯ ಉಳಿದಿತ್ತು. "ಒಂದ ಕಂಬ ಹೆಂಗ ಸಾಕಾಗತೈತ್ರಿ?"

"ಇನ್ನೊಂದು ತುದೀಗೆ ಹಿತ್ತಲದಾಗ ಬೇವಿನ ಗಿಡ ಐತಿ."

"ಎಷ್ಟು ದಿನ ನಿಲ್ಲಬೇಕು?"

"ಹತ್ತ ವರ್ಷಾರೆ ನಿಲ್ಲಬೇಕ್ರಿ."

ಐದು ದಿನದ ಲಗ್ನ ಸಾಬರು ನೋಡಿದ್ದರು. ಹತ್ತು ವರ್ಷದ ಲಗ್ನ ಇದೇ ಮೊದಲು. ಹೋಗಿ ಮಾವಿನ ತೊಂಗಲು ಮುರಿದು ತಂದು, ಕಂಬದ ತುದಿಗೆ ತಮ್ಮ ಕೈಯಾರೆ ಕಟ್ಟಿದರು.

ಆ ಕಂಬವನ್ನು ಬೈರಿದೇವರಕೊಪ್ಪಕ್ಕೆ ಮುಟ್ಟಿಸಿದವನು ಬಂಡಿಯ ಬೀರಲಿಂಗಪ್ಪ. ಮುಟ್ಟಿಸುವ ಮುನ್ನ ದಾರಿಯಲ್ಲಿ ಸಿಕ್ಕ ಎಲ್ಲರಿಗೂ ಸುದ್ದಿ ಮುಟ್ಟಿಸಿದ. ಅವನೇನು ಮಾಡಿಯಾನು? ಮಾವಿನೆಲೆ ಕಟ್ಟಿದ ಕಂಬ ಬಂಡಿಯ ಹಿಂದೆ ಇಪ್ಪತ್ತು ಫೂಟು ಚಾಚಿಕೊಂಡಿದ್ದಾಗ ಜನ ಕೇಳದೆ ಬಿಡುವುದಿಲ್ಲ. ಹುಬ್ಬಳ್ಳಿ ದಾಟುವಾಗ ಹೆಣ್ಣು ಸಿಲೋನಿನವಳಾಗಿದ್ದಳು. ಉಣಕಲ್ಲಿನಲ್ಲಿ ಒಬ್ಬರು, "ಸಿಲೋನ್ ಅಂದ್ರ ರೇಡಿಯೋದಾಗ ಹಾಡು ಬರ್ತಾವಲ್ಲ, ಅದ?" ಎಂದರು. ಊರು ಮುಟ್ಟುವ ಹೊತ್ತಿಗೆ ಹೆಣ್ಣು ರೇಡಿಯೋದಲ್ಲಿ ಹಾಡತೊಡಗಿದ್ದಳು.

ಮುರುಗೆಪ್ಪ ಡ್ಯೂಟಿ ಮುಗಿಸಿ ಸಂಜೆ ಬಸ್ಸಿಳಿದು ಬಂದಾಗ, ಅಂಗಳದಲ್ಲಿ ಅಡ್ಡ ಮಲಗಿದ್ದ ಕಂಬಕ್ಕೆ ಆರೇಳು ಹೆಂಗಸರು ಅರಿಷಿಣ ಹಚ್ಚಿ ಆರತಿ ಬೆಳಗುತ್ತಿದ್ದರು. ಅವನು ಚಪ್ಪಲಿ ಕಳಚಿ ಕೈಮುಗಿದ. ಕೊನೆಗೂ ಈ ಊರಿಗೆ ವಿಜ್ಞಾನದ ಮೇಲೆ ಭಕ್ತಿ ಹುಟ್ಟಿತಲ್ಲ ಎಂದುಕೊಂಡ.

ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎದುರಿಗೆ ಬಂದಳು. "ಮುರುಗ್ಯಾ, ಬೀರಲಿಂಗಪ್ಪ ಹೇಳಿದ್ದು ಖರೇ ಏನೋ?"

"ಖರೇ ಅಕ್ಕಾ."

"ಯಾವಾಗ?"

"ಐತವಾರ, ನಾಕು ಗಂಟೇಕ್ಕ. ಆ ಹೊತ್ತು ಛಲೋ ಇರತೈತಿ."

"ನನಗ ಒಂದ ಮಾತು ಹೇಳಬಾರದಾಗಿತ್ತೇನು?"

"ನೀ ನಗತೀ ಅಂತ ಬಿಟ್ಟೆ. ಈ ವಯಸ್ಸಿನಾಗ ಇದೇನು ಹುಚ್ಚು ಅಂತ."

"ನಾ ಯಾಕ ನಗಲೋ ನನ್ನಪ್ಪಾ!" ಎಂದು ಗೌರಕ್ಕ ಅವನ ತಲೆ ಸವರಿ ಲಟಿಕೆ ಮುರಿದಳು. "ಎಂಟು ವರ್ಷ ಹೇಳಿ ಹೇಳಿ ನನ್ನ ಬಾಯಿ ಒಣಗೈತಿ."

ಎಂಟು ವರ್ಷದಿಂದ ಅಕ್ಕ ತನಗೆ ವೈರ್‌ಲೆಸ್ ಹಾಕಿಸೆಂದು ಹೇಳುತ್ತಿದ್ದದ್ದು ಮುರುಗೆಪ್ಪನಿಗೆ ನೆನಪಾಗಲಿಲ್ಲ. ತಾನೇ ಕೇಳಿಸಿಕೊಂಡಿರಲಿಕ್ಕಿಲ್ಲ ಎಂದುಕೊಂಡ.

ಆರತಿ ತಟ್ಟೆ ಹಿಡಿದಿದ್ದ ಶಿರಸ್ತೇದಾರರ ಹೆಂಡತಿ ಮುರಿಗೆವ್ವ ಮಾತ್ರ ಒಂದು ಮಾತು ಹೇಳದೆ ಇರಲಿಲ್ಲ. "ಲಂಕಾದಿಂದ ಒಬ್ಬ ಹೆಣ್ಣುಮಗಳನ್ನ ಕರಕೊಂಡು ಬರಾಕ ರಾಮದೇವರು ಸಮುದ್ರಕ್ಕ ಸೇತುವೆ ಕಟ್ಟಬೇಕಾತು. ನಮ್ಮ ಮುರುಗೆಪ್ಪಾರು ನೋಡ್ರಿ, ಒಂದ ಕಂಬದಾಗ ಮುಗಿಸ್ಯಾರ!" ಆಗ ಮುರುಗೆಪ್ಪ ಕಂಬದ ಆ ತುದಿಯಲ್ಲಿ ಬಗ್ಗಿಕೊಂಡು ಗೇಣಿನಿಂದ ಅಳೆಯುತ್ತಿದ್ದ. ಕೇಳಿಸಲಿಲ್ಲ.

ಶುಕ್ರವಾರ ಸಿದ್ದಲಿಂಗಪ್ಪನವರು ಕೋಟು ಹಾಕಿಕೊಂಡು ಬಂದರು. ಕೋಟು ಹಾಕಿದ್ದಾರೆಂದರೆ ಅದು ಸರಕಾರಿ ಮಾತುಕತೆ.

"ನೋಡು ಮುರುಗೆಪ್ಪಾ, ನಿನ್ನ ಸಂತೋಷಕ್ಕ ನಾ ಅಡ್ಡ ಬರಂಗಿಲ್ಲ. ಆದ್ರ ಪರದೇಶದ ವ್ಯವಹಾರ. ಸರಕಾರದ ಪರವಾನಗಿ ಐತೇನು?"

"ಇಲ್ಲದ ಹೆಂಗ್ರಿ? ದಿಲ್ಲಿಯಿಂದನ ತರಿಸೇನಿ" ಎಂದು ಮುರುಗೆಪ್ಪ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಕಾಗದ ತಂದು ಕೊಟ್ಟ.

ಸಿದ್ದಲಿಂಗಪ್ಪನವರು ಚಷ್ಮಾ ಏರಿಸಿ ಇಂಗ್ಲಿಷನ್ನು ಗಟ್ಟಿಯಾಗಿ ಕನ್ನಡಕ್ಕೆ ತರುತ್ತ ಹೋದರು. "ಸದರಿ ಮುರುಗೆಪ್ಪ ಎಂಬವರು... ತಮ್ಮ ಸ್ವಂತ ನಿವಾಸದಲ್ಲಿ... ಪರದೇಶದವರೊಡನೆಯೂ ಸಂಬಂಧ ಬೆಳೆಸಲು..." ಕೆಳಗೆ ಮೂರು ಸಿಂಹದ ಮುದ್ರೆ. ಮೂವತ್ತು ವರ್ಷದ ನೌಕರಿಯಲ್ಲಿ ಸರಕಾರ ಒಬ್ಬ ಗುಮಾಸ್ತನ ಸಂಸಾರದ ಬಗ್ಗೆ ಇಷ್ಟು ಕಾಳಜಿ ವಹಿಸಿದ್ದನ್ನು ಅವರು ಕಂಡಿರಲಿಲ್ಲ.

"ಸುಮ್ಮಸುಮ್ಮನ ಕೊಟ್ಟಿಲ್ರಿ" ಎಂದ ಮುರುಗೆಪ್ಪ ಹೆಮ್ಮೆಯಿಂದ. "ಪರೀಕ್ಷಾ ತಗೊಂಡಾರ. ಕೈ ಎಷ್ಟು ಚುರುಕೈತಿ, ಕಿವಿ ನೆಟ್ಟಗ ಕೇಳಸತಾವೋ ಇಲ್ಲೋ, ಎಲ್ಲಾ ನೋಡ್ಯಾರ."

"ಲಗ್ನಕ್ಕ..." ಎಂದು ಶುರು ಮಾಡಿದ ಶಿರಸ್ತೇದಾರರು ಮಾತು ನುಂಗಿಕೊಂಡರು. ತಮ್ಮ ಕಾಲದಲ್ಲಿ ಇಂಥ ಪರೀಕ್ಷೆ ಇದ್ದಿದ್ದರೆ ತಾವು ಪಾಸಾಗುತ್ತಿದ್ದೆವೋ ಇಲ್ಲವೋ ಎಂಬ ಚಿಂತೆಯಲ್ಲಿ, ಪರವಾನಗಿಗೆ ಕೈಮುಗಿದು ಹೊರಟುಹೋದರು.

ಶನಿವಾರ ಗರಗದಿಂದ ಗಂಗಪ್ಪ ಬಂದ. ಇವನು ಮುರುಗೆಪ್ಪನ ತೀರಿಹೋದ ಹೆಂಡತಿಯ ತಮ್ಮ, ಮಗ್ಗದ ಮನುಷ್ಯ, ಒರಟು ಖಾದಿಯಂತೆಯೇ ಒರಟು; ಆದರೆ ಒಳಗೆಲ್ಲ ಹತ್ತಿ. ಗೌರಕ್ಕನೇ ಹೇಳಿಕಳಿಸಿದ್ದಳು. ಬಂದವನೇ ತಾನು ನೇಯ್ದ ಹೊಸ ಧೋತರದ ಜೋಡಿಯನ್ನು ಮುರುಗೆಪ್ಪನ ಕೈಯಲ್ಲಿಟ್ಟು ಗಳಗಳ ಅತ್ತ.

"ಮಾಮಾ, ನಮ್ಮ ಅಕ್ಕನ ಜೀವಕ್ಕ ಈಗ ಸಮಾಧಾನ ಆತು ನೋಡ್ರಿ."

"ಆಕೀಗೂ ಇದರ ಮ್ಯಾಲೆ ಭಾಳ ಮನಸಿತ್ತು ಗಂಗಪ್ಪಾ" ಎಂದ ಮುರುಗೆಪ್ಪ. ಅವನ ಕಣ್ಣೂ ಒದ್ದೆಯಾದವು. ಸಣ್ಣ ಯಂತ್ರವೊಂದನ್ನು ಮೊದಲು ಕೂಡಿಸುವಾಗ ಅವಳೇ ಕಂದೀಲು ಹಿಡಿದು ನಿಲ್ಲುತ್ತಿದ್ದಳು. "ಲಗೂ ಮಾಡಿ ಮುಗಿಸ್ರಿ ಅಂತಿದ್ಲು."

ಗಂಗಪ್ಪ ಅಳುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಮಾಮನ ಮುಖ ನೋಡಿದ. ಅಕ್ಕ ಇಷ್ಟು ದೊಡ್ಡ ಮನಸ್ಸಿನವಳೆಂದು ಅವನಿಗೆ ತಿಳಿದಿರಲಿಲ್ಲ. ಮತ್ತೆ ಅಳತೊಡಗಿದ.

ಹೀಗೆ ಐತವಾರ ಬಂತು. ನಲವತ್ತು ಫೂಟಿನ ಸಾಗವಾನಿ ಎತ್ತುವುದಕ್ಕೆ ಹತ್ತು ಆಳಾದರೂ ಬೇಕಲ್ಲ, ಎಲ್ಲಿಂದ ತರಲಿ ಎಂದು ಮುರುಗೆಪ್ಪ ಬೆಳಗಿನಿಂದ ಒದ್ದಾಡುತ್ತಿದ್ದ. ಮೂರು ಗಂಟೆಗೆ ಹೊರಗೆ ಬಂದು ನೋಡುತ್ತಾನೆ, ಅಂಗಳದಲ್ಲಿ ಎಪ್ಪತ್ತು ಜನ! ಯಾಕೂಬಸಾಬರು ಅತ್ತರು ಹಚ್ಚಿಕೊಂಡು ಬಂದಿದ್ದರು. ಬೀರಲಿಂಗಪ್ಪ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ್ದ. ಗಂಗಪ್ಪ ಕರಡಿಮಜಲಿನವರನ್ನು ಗೊತ್ತುಮಾಡಿದ್ದ. ಡೊಳ್ಳಿನಂಥ ಕರಡಿವಾದ್ಯ, ಸನಾದಿ, ತಾಳ, ಎಲ್ಲಾ ಸಜ್ಜಾಗಿ ನಿಂತಿದ್ದವು.

"ಒಂದ ಏರಿಯಲ್ಲಿಗೆ ಇಷ್ಟು ಜನ ಯಾಕ ಬೇಕಾಗಿತ್ತು?" ಎಂದು ಮುರುಗೆಪ್ಪ ಸಂಕೋಚದಿಂದ ಅಂದ. ವಾದ್ಯದ ಅಬ್ಬರದಲ್ಲಿ ಅದು ಅವನಿಗೇ ಕೇಳಿಸಲಿಲ್ಲ.

ಕಂಬ ಎದ್ದ ಚಂದವನ್ನು ಕಂಡವರು ಬಹಳ ದಿನ ಹೇಳಿಕೊಂಡರು. ಡಾಂಬರು ಬಳಿದ ಬುಡವನ್ನು ಐದು ಫೂಟಿನ ತೆಗ್ಗಿಗೆ ಇಳಿಸಿ, ಮೂರು ದಿಕ್ಕಿಗೆ ಹಗ್ಗ ಹಿಡಿದು, ಬೀರಲಿಂಗಪ್ಪ "ಹೂಂ, ಜಗ್ರೋ!" ಎಂದರೆ ಎಪ್ಪತ್ತು ಗಂಟಲು "ಹೈಸಾ!" ಅನ್ನುತ್ತಿದ್ದವು. ಒಮ್ಮೆ ಕಂಬ ಸಿದ್ದಲಿಂಗಪ್ಪನವರ ಅಂಗಳದ ಕಡೆ ವಾಲಿತು. ಅವರು ರುಮಾಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಸ್ವತಃ ಹಗ್ಗಕ್ಕೆ ಕೈಹಾಕಿದರು. ಕಂಬ ತೂಗಿ ನೆಟ್ಟಗಾಯಿತು. ಕಲ್ಲು ಜಡಿದು, ತಂತಿ ಬಿಗಿದು ನೋಡಿದರೆ ಗಾಳಿಗೆ ತುದಿಯ ಮಾವಿನೆಲೆ ಬಿಟ್ಟರೆ ಬೇರೇನೂ ಅಲುಗಲಿಲ್ಲ. ತುದಿಯಿಂದ ಹಿತ್ತಲ ಬೇವಿನ ಮರದವರೆಗೆ ತಾಮ್ರದ ಏರಿಯಲ್ ಸಂಜೆಬಿಸಿಲಿಗೆ ಮಿಂಚುತ್ತಿತ್ತು.

"ಹೆಣ್ಣಿನ ಕಡ್ಯಾವ್ರು ಯಾವಾಗ ಬರ್ತಾರ?" ಎಂದು ಯಾರೋ ಕೇಳಿದರು. "ನಾಕು ಗಂಟೆ ಆತಲ್ಲ."

"ನಾಕು ಗಂಟೆ!" ಎಂಬುದೊಂದೇ ಮುರುಗೆಪ್ಪನ ಕಿವಿಗೆ ಬಿತ್ತು. ಖೋಲಿಗೆ ಓಡಿದ. ಗೌರಕ್ಕ, ಗಂಗಪ್ಪ, ಶಿರಸ್ತೇದಾರರು ಹಿಂದೆಯೇ ನುಗ್ಗಿದರು. ಉಳಿದವರು ಕಿಡಕಿಗೆ ಮುತ್ತಿದರು. ಮುರುಗೆಪ್ಪ ಕಿವಿಗೆ ಹೆಡ್‌ಫೋನ್ ಏರಿಸಿ, ಬೆರಳಿನಿಂದ ಬಡಿಯತೊಡಗಿದ. ಯಾರಾದರೂ ಇದ್ದೀರಾ? ಯಾರಾದರೂ ಇದ್ದೀರಾ?

ಗುಜುಗುಜು. ಸಮುದ್ರದ ಮೊರೆತದಂಥ ಸದ್ದು. ಅದರ ತಳದಲ್ಲಿ, ಬಹಳ ದೂರದಲ್ಲಿ, ಇರುವೆ ನಡೆದ ಹಾಗೆ ಒಂದು ಸಣ್ಣ ಕಿಟಿಕಿಟಿ. ಅಷ್ಟರಲ್ಲಿ ಹೊರಗೆ ಕರಡಿಮಜಲು ಧಡಂ ಎಂದಿತು.

"ಸುಮ್ಮನಿರ್ರೀ ಎಲ್ಲಾರೂ!"

ಮುರುಗೆಪ್ಪ ಐವತ್ತೊಂದು ವರ್ಷದಲ್ಲಿ ಮೊದಲ ಸಲ ಕೂಗಿದ್ದ. ಬಾರಿಸುವವನ ಕೈ ಗಾಳಿಯಲ್ಲೇ ನಿಂತಿತು. ಊರು ಉಸಿರು ಹಿಡಿಯಿತು. ಆ ನಿಶ್ಶಬ್ದದಲ್ಲಿ ಕಿಟಿಕಿಟಿ ಮತ್ತೆ ಬಂತು, ಮತ್ತೆ ಮತ್ತೆ ಬಂತು. ಅದು ಅವನ ಹೆಸರನ್ನೇ, ಪರವಾನಗಿಯಲ್ಲಿ ದಿಲ್ಲಿಯವರು ಅವನಿಗೆ ಗುರುತಿಗೆಂದು ಕೊಟ್ಟ ಅಕ್ಷರಗಳನ್ನೇ ಕರೆಯುತ್ತಿತ್ತು. ಮುರುಗೆಪ್ಪನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು.

"ಓ ಅಂದ್ರು!" ಎಂದ. "ಅಕ್ಕಾ, ಸಿಲೋನಿಂದ ಓ ಅಂದ್ರು!"

"ಓ ಅಂದ್ರಂತ!" ಎಂದು ಕಿಡಕಿಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ ಸುದ್ದಿ ಹೋಯಿತು. ಮುರುಗೆಪ್ಪ ಕಾಗದದ ಮೇಲೆ ಗೀಚಿದ್ದನ್ನು ಸಿದ್ದಲಿಂಗಪ್ಪನವರು ಎತ್ತಿಕೊಂಡು ಓದಿ ಹೇಳತೊಡಗಿದರು.

"ಹೆಸರೇನು ಅಂತ ಕೇಳ್ಯಾರ. ಊರು ಯಾವುದು ಅಂತ ಕೇಳ್ಯಾರ."

"ಕೇಳಬೇಕಾದ್ದ" ಎಂದಳು ಗೌರಕ್ಕ.

"ನೌಕರಿ ಏನು ಅಂತ ಕೇಳ್ಯಾರ. ಕಂಬ ಎಷ್ಟು ಎತ್ತರ ಐತಿ ಅಂತನೂ ಕೇಳ್ಯಾರ."

"ಮನಿತನ ನೋಡೋ ಮಂದಿ. ಛಲೋ ಇದ್ದಾರ" ಎಂದ ಗಂಗಪ್ಪ.

"ಮಾತಾಡಾಕತ್ತಾವ್ರ ಹೆಸರು ಪೆರೇರಾ. ಸಾಲಿ ಮಾಸ್ತರು."

"ಹುಡುಗೀ ಅಪ್ಪ ಇರಬೇಕು. ಹುಡುಗೀ ಬಗ್ಗೆ ಕೇಳೋ ಮುರುಗ್ಯಾ!"

ಮುರುಗೆಪ್ಪ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದ. "ಯಾವ ಹುಡುಗಿ?"

"ಮತ್ಯಾವ ಹುಡುಗಿ? ನೀ ಲಗ್ನ ಆಗಾಕತ್ತ ಹುಡುಗಿ!"

"ಯಾರದು ಲಗ್ನ?"

ಖೋಲಿಯಲ್ಲಿ ಈಗ ಮಾತಾಡುತ್ತಿದ್ದವರು ಯಂತ್ರದೊಳಗಿನ ಪೆರೇರಾ ಮಾಸ್ತರರು ಒಬ್ಬರೇ; ಅವರ ಕಿಟಿಕಿಟಿ ಕಿಡಕಿಯಾಚೆಗೂ ಕೇಳಿಸಿತು. ಸಿದ್ದಲಿಂಗಪ್ಪನವರು ಕೊನೆಯ ಸಾಲು ಓದಿದರು. "ತಮಗೆ ಲಗ್ನ ಆಗೇತಂತ. ಹೆಂಡತಿ, ನಾಕು ಮಕ್ಕಳಂತ... ಮುರುಗೆಪ್ಪಾ, ನಿನ್ನ ಪರವಾನಗಿ ಇನ್ನೊಮ್ಮೆ ಕೊಡು ನೋಡೋಣ."

ಮೊದಲು ನಕ್ಕವರು ಯಾಕೂಬಸಾಬರು. "ತೆಳ್ಳಗಿತ್ತು, ಗಾಳಿಗೆ ಹೋತು ಅಂದದ್ದು ಬಿದಿರಿಗೇನ್ರಿ!" ಎಂದು ಕಿಡಕಿಯ ಸರಳು ಹಿಡಿದುಕೊಂಡು, ಗಡ್ಡ ಕುಣಿಯುವಂತೆ ನಕ್ಕರು. ಆಮೇಲೆ ಬೀರಲಿಂಗಪ್ಪ, ಆಮೇಲೆ ಅಂಗಳ, ಆಮೇಲೆ ಇಡೀ ಓಣಿ. ಗಂಗಪ್ಪ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದ. ಕರಡಿಮಜಲಿನವರು ಇದೇ ಮುಹೂರ್ತವೆಂದು ತಿಳಿದು ಜೋರಾಗಿ ಬಾರಿಸಿದರು.

ನಗದೆ ಇದ್ದವಳು ಗೌರಕ್ಕ ಒಬ್ಬಳೇ. ಅವಳು ಎದ್ದು ಅಡುಗೆಮನೆಗೆ ಹೋದಳು. ಮುರುಗೆಪ್ಪ ಹಿಂದೆ ಹೋದ. ಅಲ್ಲಿ ಎರಡು ದೊಡ್ಡ ಹಂಡೆಯ ತುಂಬ ಗೋದಿ ಹುಗ್ಗಿ ಘಮಘಮಿಸುತ್ತಿತ್ತು.

"ಅಕ್ಕಾ, ನಾ ಬೇಕಂತ ಮಾಡಿಲ್ಲ."

"ನೀ ಬೇಕಂತ ಏನು ಮಾಡೀ ಜನ್ಮದಾಗ?" ಎಂದಳು ಗೌರಕ್ಕ ಗೋಡೆಯ ಕಡೆ ತಿರುಗಿ. "ಆಕಿ ಹೋದಾಗಿಂದ ಆ ಖೋಲ್ಯಾಗ ಒಬ್ಬನ ಕುಂತಿರತೀ. ನಿನ್ನ ಕೂಡ ಮಾತಾಡಾಕ ಒಂದು ಜೀವ ಸಿಗಲಿ ಅಂತ ಇತ್ತು ನನಗ, ಅಷ್ಟ."

"ಸಿಕ್ಕೈತಲ್ಲ ಅಕ್ಕಾ" ಎಂದ ಮುರುಗೆಪ್ಪ. "ಸಮುದ್ರದ ಆಚೆ ದಂಡಿಯಿಂದ ನನ್ನ ಕರದಾರ. ಮೂರು ತಿಂಗಳಿಂದ ಕೂಗಾಕತ್ತಿದ್ದೆ, ಇವತ್ತ ಮೊದಲ ಸಲ."

ಗೌರಕ್ಕ ತಿರುಗಿ ನೋಡಿದಳು. ತಮ್ಮನ ಮುಖ ಮದುಮಗನ ಮುಖದ ಹಾಗೆಯೇ ಇತ್ತು. ಅವಳು ಸೌಟು ಕೈಗೆತ್ತಿಕೊಂಡಳು.

"ಆ ಮಾಸ್ತರು ಊಟ ಮಾಡ್ಯಾರಂತೇನು? ಮನಿಗೆ ಬಂದಾವ್ರನ್ನ ಹಂಗ ಕೂಡ್ರಿಸಿ ಬಂದೀಯಲ್ಲೋ!"

ಮುರುಗೆಪ್ಪ ಓಡಿಹೋಗಿ ಕೇಳಿದ. ಮಾಸ್ತರರು ಅನ್ನ ಉಂಡಿದ್ದರು. ನಿಮ್ಮಲ್ಲಿ ಇವತ್ತೇನು ವಿಶೇಷ ಎಂದು ಕೇಳಿದರು. ಹುಗ್ಗಿ ಎಂದ ಮುರುಗೆಪ್ಪ. ಹುಗ್ಗಿ ಎಂದರೇನು ಎಂದರು ಮಾಸ್ತರರು.

ಹಿಂದಿನ ಮೂರು ದಿನದಲ್ಲಿ ಆಗದಷ್ಟು ಗದ್ದಲ ಈಗ ಆಯಿತು. ಊರು ಹಾಗೂ ಸಿಲೋನಿನ ನಡುವೆ ಮುರುಗೆಪ್ಪನ ಬೆರಳು ಬೆವರತೊಡಗಿತು. ಗೋದಿಯನ್ನು ಹಿಂದಿನ ದಿನವೇ ನೆನೆಸಬೇಕೆಂದು ಗೌರಕ್ಕ ಹೇಳಿಸಿದಳು. ಬೆಲ್ಲ ಯಾವಾಗ ಹಾಕಬೇಕು ಎಂಬುದರ ಮೇಲೆ ಗಂಗಪ್ಪನಿಗೂ ಮುರಿಗೆವ್ವನಿಗೂ ಜಗಳ ಹತ್ತಿ, ಪೆರೇರಾ ಮಾಸ್ತರರು ಹತ್ತು ನಿಮಿಷ ಕಾ‌ಯಬೇಕಾಯಿತು. ಯಾಕೂಬಸಾಬರು ಕಿಡಕಿಯಿಂದ ಯಾಲಕ್ಕಿ ಸೇರಿಸಿದರು. ಗಸಗಸೆ ಬಿಟ್ಟುಹೋಗಿದೆ, ದಾಖಲಾಗಬೇಕು ಎಂದರು ಸಿದ್ದಲಿಂಗಪ್ಪನವರು. ಎಲ್ಲ ಬರೆದುಕೊಂಡ ಮಾಸ್ತರರು, ತಮ್ಮ ಹೆಂಡತಿ ಪಕ್ಕದಲ್ಲೇ ಕೂತಿದ್ದಾಳೆ, ತುಪ್ಪ ಎಷ್ಟು ಹಾಕಬೇಕೆಂದು ಕೇಳುತ್ತಿದ್ದಾಳೆ ಎಂದರು.

"ಅಷ್ಟೂ ಗೊತ್ತಿಲ್ಲೇನು ಪಾಪ ಆ ಹುಡುಗಿಗೆ?" ಎನ್ನುತ್ತ ಗೌರಕ್ಕ ಗಂಗಪ್ಪನನ್ನು ಆಚೆ ಸರಿಸಿ ಮುಂದೆ ಬಂದು, ಎರಡೂ ಕೈ ಸೇರಿಸಿ ಬೊಗಸೆ ಮಾಡಿ ಯಂತ್ರದ ಮೋರೆಗೆ ಹಿಡಿದಳು.

"ಇಷ್ಟು" ಎಂದಳು. "ಕಾಣಸ್ತೇನವ್ವಾ?"